ಬಾಯಿ ಮುಚ್ಚಿ ಮಾಡುವ ಪಾಠ

ಮಂಡ್ಯದ ಈ ಮನೆಗೆ ಸೊಸೆಯಾಗಿ ಬರುವಾಗ, ಇಲ್ಲಿ ಮಾತಾಡಬೇಕಾದರೆ ಕೈ ಎತ್ತಬೇಕು ಎಂದು ನನಗೆ ಯಾರೂ ಹೇಳಿರಲಿಲ್ಲ. ಮಾವ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿ ನಿವೃತ್ತರಾದವರು. ಅತ್ತೆ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಒಂದರಿಂದ ನಾಲ್ಕನೇ ಕ್ಲಾಸಿನವರೆಗೆ ಒಬ್ಬರೇ ನಿಭಾಯಿಸಿದವರು. ಚಿಕ್ಕಮಾವ ಕನ್ನಡ ಪಂಡಿತರು. ನನ್ನವರು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಾರೆ. ನಾದಿನಿಯದು ಬಿ.ಎಡ್. ಇವರೆಲ್ಲರ ಮೂಲಪುರುಷ, ಮಾವನ ತಾತ, ಇದೇ ಮನೆಯ ಜಗಲಿಯ ಮೇಲೆ ಕೂಲಿಮಠ ನಡೆಸುತ್ತಿದ್ದ ಐಗಳು. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸುವುದು, ಫೀಸಿನ ಬದಲು ರಾಗಿ, ಬೆಲ್ಲ ಇಸಿದುಕೊಳ್ಳುವುದು, ಪಾಠ ಒಪ್ಪಿಸದವನಿಗೆ ಕೋದಂಡ ಹಾಕುವುದು ಅವರ ಶಿಕ್ಷಣ ಪದ್ಧತಿ. ಹುಡುಗರನ್ನು ನೇತುಹಾಕುತ್ತಿದ್ದ ಹಗ್ಗದ ಕೊಂಡಿ ಜಗಲಿಯ ತೊಲೆಯಲ್ಲಿ ಇವತ್ತಿಗೂ ಇದೆ. ಈಗ ಅದಕ್ಕೆ ಬಾಳೆಗೊನೆ ಕಟ್ಟುತ್ತೇವೆ. ಈ ವಂಶದಲ್ಲಿ ಸೀಮೆಸುಣ್ಣ ಮುಟ್ಟದೆ ಅನ್ನ ತಿನ್ನುತ್ತಿರುವವಳು ಬ್ಯಾಂಕಿನಲ್ಲಿ ಕೆಲಸ ಮಾಡುವ ನಾನೊಬ್ಬಳೇ.

ನಾನು ಬರೆದಿಟ್ಟ ದಿನಸಿ ಚೀಟಿ ಅಂಗಡಿ ಸೇರುವ ಮೊದಲು ಚಿಕ್ಕಮಾವನ ಕೈಗೆ ಸಿಕ್ಕಿ, ಕೆಂಪು ಇಂಕಿನಲ್ಲಿ ತಿದ್ದಿಸಿಕೊಂಡೇ ಹೋಗುತ್ತದೆ. ಒಮ್ಮೆ ಅಂಗಡಿಯ ಹುಡುಗ, ಕೆಂಪು ಗೆರೆ ಬಿದ್ದದ್ದೆಲ್ಲ ಬೇಡವಾದ ಸಾಮಾನು ಎಂದು ತಿಳಿದು ತೊಗರಿಬೇಳೆಯನ್ನೇ ಕಳಿಸಲಿಲ್ಲ. ಮದುವೆ ಪತ್ರಿಕೆ ಕೊಡಲು ಬಂದವರು ಕಾಫಿ ಕುಡಿದು ಏಳುವಷ್ಟರಲ್ಲಿ ಪತ್ರಿಕೆ ಮೌಲ್ಯಮಾಪನ ಆಗಿರುತ್ತದೆ. ಕುಕ್ಕರ್ ಯಾಕೆ ಕೂಗುತ್ತಿಲ್ಲ ಎಂದು ನನ್ನವರನ್ನು ಕೇಳಿದರೆ ಗ್ಯಾಸ್ಕೆಟ್ ನೋಡುವುದಿಲ್ಲ, ಒತ್ತಡಕ್ಕೂ ಕುದಿಯುವ ಬಿಂದುವಿಗೂ ಇರುವ ಸಂಬಂಧದಿಂದ ಶುರುಮಾಡುತ್ತಾರೆ. ರಾತ್ರಿ ಊಟಕ್ಕೆ ಕೂತರೆ ಅವರವರ ಪೀರಿಯಡ್ ಅವರವರು ತೆಗೆದುಕೊಳ್ಳುತ್ತಿರುತ್ತಾರೆ. ಕೇಳಿಸಿಕೊಳ್ಳುವ ವಿದ್ಯಾರ್ಥಿನಿ ನಾನು, ಅದೂ ಬಡಿಸುತ್ತಾ.

ಇಂಥ ಮನೆಗೆ ನಾದಿನಿ ಬೆಂಗಳೂರಿನಿಂದ ಮಾಂಟೆಸ್ಸರಿ ಡಿಪ್ಲೊಮಾ ಮುಗಿಸಿ, ಕೈಯಲ್ಲೇ ಬರೆದು ಚಿತ್ರ ಅಂಟಿಸಿದ ದಪ್ಪ ದಪ್ಪ ಆಲ್ಬಂಗಳನ್ನು ಹೊತ್ತುಕೊಂಡು ಬಂದಳು. "ಕೆಳಗಿನ ಹಾಲು, ನಡುಮನೆ ಎರಡನ್ನೂ ಬಿಟ್ಟುಕೊಡಿ, ನಾವೇ ಒಂದು ಸ್ಕೂಲು ಮಾಡೋಣ" ಎಂದಳು. ಈ ಮನೆಯಲ್ಲಿ ಯಾವ ವಿಷಯವೂ ವಾದವಿಲ್ಲದೆ ಪಾಸಾದದ್ದಿಲ್ಲ. ಇದು ಮಾತ್ರ ಒಂದೇ ಏಟಿಗೆ ಪಾಸಾಯಿತು. ಕಾರಣ ನನಗೆ ಆಮೇಲೆ ಹೊಳೆಯಿತು: ಪ್ರತಿಯೊಬ್ಬರೂ ತಾವೇ ಹೆಡ್ಮಾಸ್ಟರ್ ಎಂದುಕೊಂಡಿದ್ದರು.

ಮಾವನದು ಒಂದೇ ಪ್ರಶ್ನೆ. "ಆಯಮ್ಮ ಯಾರು? ಅವಳ ಕ್ವಾಲಿಫಿಕೇಷನ್ ಏನು?"

ನಾದಿನಿ ಹೇಳಿದಳು. ಮರಿಯಾ ಮಾಂಟೆಸ್ಸರಿ 1870ರಲ್ಲಿ ಇಟಲಿಯಲ್ಲಿ ಹುಟ್ಟಿದವಳು, ಹೆಂಗಸರು ಡಾಕ್ಟರಿಕೆ ಓದುವುದೇ ಅಪರೂಪವಾಗಿದ್ದ ಕಾಲಕ್ಕೆ ಡಾಕ್ಟರಾದವಳು. ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ, ಅಪ್ಪ ಅಮ್ಮ ಕೂಲಿಗೆ ಹೋದ ಮೇಲೆ ಮಕ್ಕಳು ಮೆಟ್ಟಿಲು ಗೋಡೆಗಳನ್ನೆಲ್ಲ ಗೀಚಿ ಕೆಡಿಸುತ್ತಿದ್ದವು. ಅವನ್ನು ಎಲ್ಲಾದರೂ ಕೂಡಿಹಾಕಿದರೆ ಕಟ್ಟಡ ಉಳಿದೀತು ಎಂಬುದು ಮಾಲೀಕರ ಲೆಕ್ಕ. ಹಾಗೆ 1907ರ ಜನವರಿ 6ರಂದು ಆ ಮಕ್ಕಳನ್ನು ಈಕೆಯ ಸುಪರ್ದಿಗೆ ಕೊಟ್ಟರು. ಅಲ್ಲಿಂದ ಶುರುವಾದದ್ದು ಇದು. ಸುಣ್ಣ ಬಣ್ಣದ ಖರ್ಚು ಉಳಿಸಲು ಹುಟ್ಟಿದ ಪದ್ಧತಿ ಎಂದ ಕೂಡಲೇ ಲೆಕ್ಕದ ಮೇಷ್ಟ್ರಿಗೆ ಅದರ ಮೇಲೆ ಗೌರವ ಬಂತು. ಮುಂದೆ ಇಟಲಿಯವರು ಆಕೆಯ ಮುಖವನ್ನು ಸಾವಿರ ಲಿರಾ ನೋಟಿನ ಮೇಲೆ ಅಚ್ಚು ಹಾಕಿದರು ಎಂದಾಗ ಮಾವ ಕನ್ನಡಕ ತೆಗೆದು ಒರೆಸಿಕೊಂಡರು. "ನೋಟಿನ ಮೇಲೆ ಮುಖ ಬರೋದು ಆಮೇಲಾಯ್ತು ಬಿಡು. ನಮ್ ಮೇಷ್ಟ್ರುಗಳ ಮುಖ ಒಂದನೇ ತಾರೀಕಿಗೆ ಸರಿಯಾಗಿ ನೋಟು ನೋಡಿದ್ರೆ ಸಾಕಾಗಿತ್ತು" ಎಂದರು.

ಅತ್ತೆಗೆ ಹಿಡಿಸಿದ್ದು ಮದರಾಸಿನ ಭಾಗ. 1939ರಲ್ಲಿ ಅಡ್ಯಾರಿನ ಥಿಯಸಾಫಿಕಲ್ ಸೊಸೈಟಿಯ ಜಾರ್ಜ್ ಅರುಂಡೇಲ್, ರುಕ್ಮಿಣೀದೇವಿ ದಂಪತಿ ಕರೆದರೆಂದು ತರಬೇತಿ ಕೊಡಲು ಬಂದಾಕೆ ವಾಪಸು ಹೋಗಲಾಗದೆ ಇಲ್ಲೇ ಸಿಕ್ಕಿಕೊಂಡಳು. ಮರುವರ್ಷ ಇಟಲಿ ಯುದ್ಧಕ್ಕೆ ಧುಮುಕಿದ್ದೇ, ಇಲ್ಲಿನ ಬ್ರಿಟಿಷ್ ಸರ್ಕಾರಕ್ಕೆ ಇವಳು ಶತ್ರುದೇಶದವಳಾದಳು. ಜೊತೆಗಿದ್ದ ಮಗ ಮಾರಿಯೊನನ್ನು ಹಿಡಿದು ಒಳಗೆ ಹಾಕಿದರು. ಆಕೆಯ ಎಪ್ಪತ್ತನೇ ಹುಟ್ಟುಹಬ್ಬಕ್ಕೆ ಬಿಟ್ಟು ಕಳಿಸಿದರು. 1946ರವರೆಗೆ ಅಡ್ಯಾರು, ಕೊಡೈಕನಾಲು ಎಂದು ಇದ್ದುಕೊಂಡೇ ಸಾವಿರಕ್ಕೂ ಹೆಚ್ಚು ಮೇಷ್ಟ್ರುಗಳನ್ನು ತಯಾರು ಮಾಡಿದಳು. "ಪಾಪ, ಪರಸ್ಥಳದಲ್ಲಿ, ಎಪ್ಪತ್ತರ ವಯಸ್ಸಲ್ಲಿ, ಮಗನ್ನ ಬಿಟ್ಟು! ನಮ್ಮನ್ನ ಎರಡು ತಾಲ್ಲೂಕು ಆಚೆಗೆ ಟ್ರಾನ್ಸ್‌ಫರ್ ಮಾಡಿದ್ರೆ ಹೆಂಗೆ ಅತ್ತಿದ್ವಿ" ಎಂದು ಅತ್ತೆ ಆ ಕ್ಷಣದಿಂದಲೇ ಆಕೆಯನ್ನು ಸಹೋದ್ಯೋಗಿ ಎಂದು ಒಪ್ಪಿಕೊಂಡರು. ಗುಜರಾತಿನ ಭಾವನಗರದ ಗಿಜುಭಾಯಿ ಬಧೇಕಾ ಎಂಬ ವಕೀಲರು ಆಕೆ ಬರುವ ಎಷ್ಟೋ ಮೊದಲೇ, 1920ರಲ್ಲಿ, ಇದೇ ದಾರಿಯಲ್ಲಿ ಬಾಲಮಂದಿರ ತೆರೆದಿದ್ದರು, ಜನ ಅವರನ್ನು ಮೀಸೆಯಿರುವ ತಾಯಿ ಎಂದು ಕರೆಯುತ್ತಿದ್ದರು ಎಂದೂ ನಾದಿನಿ ಹೇಳಿದಳು. ಮಾವ ತಿಳಿಯದಂತೆ ಮೀಸೆ ಮುಟ್ಟಿಕೊಂಡದ್ದನ್ನು ನಾನು ಕಂಡೆ.

ಆದರೆ ಪದ್ಧತಿಯನ್ನು ವಿವರಿಸತೊಡಗಿದಾಗ ಅತ್ತೆ ಮಣಿಯಲಿಲ್ಲ. ಎರಡೂವರೆಯಿಂದ ಆರು ವರ್ಷದವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ ಇರುತ್ತಾರೆ, ದೊಡ್ಡವರನ್ನು ನೋಡಿ ಚಿಕ್ಕವರು ಕಲಿಯುತ್ತಾರೆ ಎಂದರೆ, "ನಮ್ ಸ್ಕೂಲಲ್ಲಿ ಇನ್ನೇನಮ್ಮ ಆಗ್ತಿತ್ತು? ನಾನೊಬ್ಬಳೇ ಟೀಚರ್ರು. ನಾಲ್ಕನೇ ಕ್ಲಾಸಿನೋರು ಒಂದನೇ ಕ್ಲಾಸಿನೋರಿಗೆ ಹೇಳಿಕೊಡೋರು, ನಾನು ಜನಗಣತಿ ಮಾಡ್ತಿದ್ದೆ" ಎಂದರು. ಮಗು ತನ್ನ ವೇಗದಲ್ಲಿ ತಾನೇ ಕಲಿಯುತ್ತದೆ ಎಂದರೆ ನಲಿ-ಕಲಿಯ ಕಾರ್ಡು, ಕಲಿಕಾ ಏಣಿಗಳನ್ನು ಮುಂದೆ ತಂದರು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದದ್ದು, ರಿಷಿ ವ್ಯಾಲಿಯವರ ಪ್ರಯೋಗ ನೋಡಿ ನಮ್ಮ ಮೇಷ್ಟ್ರುಗಳೇ ಕಟ್ಟಿದ್ದು, ಅದರ ತರಬೇತಿಯಲ್ಲಿ ತಾವು ಕುಣಿದು ಹಾಡಿದ್ದೂ ಉಂಟು ಎಂದರು. ನ್ಯಾಯವಾಗಿ ನೋಡಿದರೆ ಅತ್ತೆಯ ಮಾತಿನಲ್ಲಿ ಸತ್ಯ ಇತ್ತು. ನಮ್ಮ ಸರ್ಕಾರಿ ಶಾಲೆಗಳಲ್ಲಿ ಬಡತನದಿಂದ ಆದದ್ದನ್ನೇ ಪೇಟೆಯ ಶಾಲೆಗಳು ಫೀಸು ತೆಗೆದುಕೊಂಡು ಮಾಡುತ್ತವೆ ಎಂದು ಬ್ಯಾಂಕಿನವಳಾದ ನನಗೆ ಎಷ್ಟೋ ಸಲ ಅನಿಸಿದೆ.

ಸಂಜೆ ಸಂಜೆ ಮನೆಯವರಿಗೆಲ್ಲ ಟ್ರೈನಿಂಗ್ ಶುರುವಾಯಿತು. ಮಾಂಟೆಸ್ಸರಿಯಲ್ಲಿ ಮೊದಲ ಪಾಠ ಅ-ಆ ಅಲ್ಲ, ಚಾಪೆ. ಚಾಪೆಯನ್ನು ತರುವುದು, ಹಾಸುವುದು, ಸುತ್ತುವುದು, ಎಲ್ಲಿತ್ತೋ ಅಲ್ಲಿಡುವುದು, ಬೇರೆಯವರ ಚಾಪೆಯನ್ನು ತುಳಿಯದೆ ಬಳಸಿ ನಡೆಯುವುದು. ಇದನ್ನು ಮಗುವಿನ ಪಕ್ಕದಲ್ಲಿ ಕೂತು, ನಿಧಾನವಾಗಿ, ಮಾತಿಲ್ಲದೆ ತೋರಿಸಬೇಕು. ಮಾತಾಡಿದರೆ ಮಗು ಕೈ ನೋಡುವುದನ್ನು ಬಿಟ್ಟು ಬಾಯಿ ನೋಡುತ್ತದಂತೆ. ನಾದಿನಿ ತೋರಿಸಿದಳು. ಮಾವನ ಸರದಿ ಬಂತು. ಚಾಪೆಯನ್ನು ಅರ್ಧ ಸುತ್ತುವವರೆಗೆ ತಡೆದುಕೊಂಡರು. ಅಲ್ಲಿಗೆ ಅವರ ಶಕ್ತಿ ಮುಗಿಯಿತು. "ನೋಡಿ ಮಕ್ಕಳೇ, ಹಾಸಿದಾಗ ಇದು ಆಯತ, ಸುತ್ತಿದಾಗ ಸಿಲಿಂಡರು. ಇದರ ಮೇಲ್ಮೈ ವಿಸ್ತೀರ್ಣ..." ನನ್ನವರು ನಡುವೆ ಬಾಯಿ ಹಾಕಿ ಘರ್ಷಣೆ ಇಲ್ಲದಿದ್ದರೆ ಚಾಪೆ ಸುತ್ತಲು ಆಗುತ್ತಲೇ ಇರಲಿಲ್ಲ ಎಂದರು. ಚಿಕ್ಕಮಾವ ಹಳಗನ್ನಡದಲ್ಲಿ ಚಾಪೆಗೆ ಏನೆನ್ನುತ್ತಿದ್ದರು ಎಂದು ಹೇಳಲು ಗಂಟಲು ಸರಿಮಾಡಿಕೊಂಡರು. ನಾದಿನಿ ಚಾಪೆ ಬಿಟ್ಟು ಎದ್ದು ಹೋದಳು.

ಮಗು ತಪ್ಪು ಮಾಡಿದರೆ ತಿದ್ದಬಾರದು. ಸರಿ ಮಾಡಿದರೆ "ಭೇಷ್" ಎನ್ನಬಾರದು. ಕೆಲಸದಲ್ಲಿ ಮುಳುಗಿದ್ದರೆ ಹತ್ತಿರವೂ ಸುಳಿಯಬಾರದು. ಹಾಗಾದರೆ ಮೇಷ್ಟ್ರು ಮಾಡುವುದೇನು ಎಂದು ಮಾವ ಕೇಳಿದರು. "ನೋಡ್ತಾ ಕೂತಿರೋದು ಅಪ್ಪ" ಎಂದಳು. "ಅದಕ್ಕೆ ಸಂಬಳ ಕೊಡ್ತಾರಾ?" ಎಂದರು. ಸಂಬಳದ ಪ್ರಶ್ನೆ ಇರಲಿಲ್ಲ, ಏಕೆಂದರೆ ಬಂಡವಾಳ ಅವರ ಪೆನ್ಷನ್ನಿನದು.

ಸಾಮಾನುಗಳ ಕಥೆ ಬೇರೆಯೇ ಇದೆ. ರೆಡಿಮೇಡ್ ತರಿಸೋಣವೆಂದರೆ ಬೆಲೆ ಕೇಳಿಯೇ ನನ್ನ ಕ್ಯಾಲ್ಕುಲೇಟರ್ ನಿಂತುಹೋಯಿತು. ಆದ್ದರಿಂದ ಬೀದಿಯ ಕೊನೆಯ ಆಚಾರ್ರಿಗೆ ಕೆಲಸ ಒಪ್ಪಿಸಿದೆವು. ಮೊದಲು ಗುಲಾಬಿ ಗೋಪುರ: ಒಂದು ಸೆಂಟಿಮೀಟರಿನಿಂದ ಹತ್ತು ಸೆಂಟಿಮೀಟರಿನವರೆಗೆ ಹತ್ತು ಘನಗಳು, ಒಂದರ ಮೇಲೊಂದು ಪೇರಿಸಲು. ಆಮೇಲೆ ಕೆಂಪು ಕೋಲುಗಳು, ಹತ್ತು ಸೆಂಟಿಮೀಟರಿನಿಂದ ಒಂದು ಮೀಟರಿನವರೆಗೆ. ಆಚಾರ್ರು ಇಂಚು, ನೂಲಿನ ಮನುಷ್ಯ. "ಅಲ್ಲಾ ಕಣಮ್ಮಿ, ಮಕ್ಕಳಾಟಿಕೆ ಸಾಮಾನು. ಒಂದು ನೂಲು ಅತ್ಲಾಗೆ ಇತ್ಲಾಗೆ ಆದ್ರೆ ಮೊಕ್ಕೆ ಬಿದ್ದೋಯ್ತದಾ?" ಎಂದು ನಾದಿನಿಯನ್ನು ಕೇಳಿದರು. ಬೀಳುವುದೇ ಮುಖ್ಯ ಎಂದು ಅವಳು ವಿವರಿಸಲು ಹೋದಳು. ಅಳತೆ ಕರಾರುವಾಕ್ಕಾಗಿದ್ದರೆ ತಪ್ಪು ಎಲ್ಲಿದೆ ಎಂದು ಸಾಮಾನೇ ಮಗುವಿಗೆ ಹೇಳುತ್ತದೆ, ಟೀಚರ್ ಹೇಳಬೇಕಾಗಿಲ್ಲ. ಆಚಾರ್ರು ಎಲ್ಲ ಕೇಳಿಸಿಕೊಂಡು, "ಹಂಗಾದ್ರೆ ಮೇಷ್ಟ್ರು ಯಾಕವ್ವ?" ಎಂದರು. ಮಾವನ ಮುಖ ನೋಡುವ ಧೈರ್ಯ ನನಗೆ ಆಗಲಿಲ್ಲ.

ಹಿಡಿ ಇರುವ ಸಿಲಿಂಡರುಗಳನ್ನು ಲೇತಿನ ಮೇಲೆ ತಿರುಗಿಸಬೇಕಾದ್ದರಿಂದ ಚನ್ನಪಟ್ಟಣಕ್ಕೆ ಹೋದೆವು. ಮಂಡ್ಯದವರಿಗೆ ಅದೇನು ದೂರ. ಅಲ್ಲಿನ ಕುಶಲಕರ್ಮಿ ಹಾಲೆ ಮರದ ತುಂಡನ್ನು ಲೇತಿಗೆ ಸಿಕ್ಕಿಸಿ, ನೋಡನೋಡುತ್ತಿದ್ದಂತೆ ಹತ್ತು ಸಿಲಿಂಡರು ಕಡೆದುಬಿಟ್ಟರು. ಒಂದೊಂದೂ ಅದರದರ ಗುಳಿಗೆ ಮಾತ್ರ ಕೂರುತ್ತಿತ್ತು. ನಾದಿನಿಗೆ ಆದ ಸಂತೋಷ ಕಂಡು ಅವರಿಗೂ ಹುಮ್ಮಸ್ಸು ಬಂತು. ಮುಂದಿನ ವಾರ ತರಲು ಹೋದರೆ ಪ್ರತಿ ಸಿಲಿಂಡರಿಗೂ ಬೇರೆ ಬೇರೆ ಅರಗಿನ ಬಣ್ಣ ಕೊಟ್ಟು, ಕೇದಗೆ ಎಲೆಯಲ್ಲಿ ಉಜ್ಜಿ ಹೊಳಪು ತಂದು, ಗುಳಿಗೂ ಅದದೇ ಬಣ್ಣ ಬಳಿದು ಇಟ್ಟಿದ್ದರು. ಬಣ್ಣಕ್ಕೆ ಕಾಸೂ ತೆಗೆದುಕೊಳ್ಳಲಿಲ್ಲ. ಇವಳು ಅಳುವುದೊಂದು ಬಾಕಿ. ಗಾತ್ರ ಕಲಿಸುವ ಸಾಮಾನಿನಲ್ಲಿ ಗಾತ್ರ ಒಂದೇ ಬದಲಾಗಬೇಕು, ಬಣ್ಣ ಬಂದರೆ ಮಗು ಬಣ್ಣ ನೋಡಿ ಕೂರಿಸುತ್ತದೆ, ಗಾತ್ರದ ಗೊಡವೆಗೇ ಹೋಗುವುದಿಲ್ಲ. ಗೋಪುರದ ಹತ್ತೂ ಘನಗಳಿಗೆ ಒಂದೇ ಗುಲಾಬಿ ಬಣ್ಣ ಇರುವುದು ಅದಕ್ಕೇ. ಆ ಬಣ್ಣದ ಸೆಟ್ಟು ಈಗ ನಮ್ಮ ಷೋಕೇಸಿನಲ್ಲಿದೆ. ಬಂದವರೆಲ್ಲ ಸ್ಕೂಲಿನಲ್ಲಿ ಚೆನ್ನಾಗಿರುವುದು ಅದೊಂದೇ ಎನ್ನುತ್ತಾರೆ.

ಉಪ್ಪುಕಾಗದದ ಅಕ್ಷರಗಳ ಖಾತೆ ಚಿಕ್ಕಮಾವನದು. ಹಲಗೆಯ ಮೇಲೆ ಅಕ್ಷರದ ಆಕಾರಕ್ಕೆ ಉಪ್ಪುಕಾಗದ ಕತ್ತರಿಸಿ ಅಂಟಿಸಬೇಕು, ಮಗು ಅದರ ಮೇಲೆ ಬೆರಳಾಡಿಸಿ ತಿದ್ದಬೇಕು. "ಇದನ್ನೇ ನಮ್ಮ ತಾತ ಮರಳಲ್ಲಿ ಮಾಡಿಸ್ತಿದ್ದದ್ದು" ಎಂದು ಉತ್ಸಾಹದಿಂದ ಕೂತರು. ಇಂಗ್ಲಿಷಿನ 26 ಅಕ್ಷರಕ್ಕೆ ಮಾಡಿದ ಯೋಜನೆಯನ್ನು ನಮ್ಮ 49ಕ್ಕೆ ಒಗ್ಗಿಸುವುದು ಸುಲಭವಲ್ಲ. ಮಕ್ಕಳು ಒಂದು ದಿನವೂ ಬಳಸದ ಙ, ಞ ಬಿಟ್ಟುಬಿಡೋಣ ಎಂದದ್ದಕ್ಕೆ ಅವರು ಎರಡು ಹೊತ್ತು ಊಟ ಬಿಟ್ಟರು. ಪದ ಜೋಡಿಸುವ ಬಿಡಿ ಅಕ್ಷರಗಳ ಪೆಟ್ಟಿಗೆಯದು ಇನ್ನೂ ದೊಡ್ಡ ರಾಮಾಯಣ. ಇಂಗ್ಲಿಷಿನಲ್ಲಿ ಪಕ್ಕಪಕ್ಕ ಇಟ್ಟರೆ ಪದ ಆಯಿತು. ಕನ್ನಡದಲ್ಲಿ ಕೊಂಬು, ದೀರ್ಘ, ಏತ್ವ, ಕೆಳಗೆ ಒತ್ತು. "ಅಜ್ಜಿ" ಎಂದು ಜೋಡಿಸಲು ಹೊರಟ ಮಗು ಗುಡಿಸು ಎಲ್ಲಿ, ಒತ್ತು ಎಲ್ಲಿ ಎಂದು ಪೆಟ್ಟಿಗೆಯ ಖಾನೆಗಳಲ್ಲಿ ಹುಡುಕುವಷ್ಟರಲ್ಲಿ ಅಜ್ಜಿಯೇ ಕರೆದುಕೊಂಡು ಹೋಗಲು ಬಂದಿರುತ್ತಾರೆ.

ಬೋರ್ಡು ಬರೆಸುವಾಗ ಆದ ಜಗಳ ವಿಸ್ತರಿಸುವುದಿಲ್ಲ. ಪೇಂಟರ್ ಏಣಿಯ ಮೇಲೆ, ನಾಲ್ಕು ಜನ ಮೇಷ್ಟ್ರು ಕೆಳಗೆ ಎಂದರೆ ಸಾಕು. ಮಾಂಟೆಸ್ಸರಿ ಎಂಬ ಹೆಸರನ್ನು ಹಾಕಲು ಯಾರ ಅಪ್ಪಣೆಯೂ ಬೇಕಿಲ್ಲ ಎಂಬುದು ಆಗ ನನಗೆ ತಿಳಿದ ವಿಷಯ. ಅದು ಯಾರೊಬ್ಬರ ಸ್ವತ್ತೂ ಅಲ್ಲ ಎಂದು ಅಮೆರಿಕದಲ್ಲಿ 1967ರಲ್ಲೇ ತೀರ್ಮಾನವಾಗಿದೆಯಂತೆ. ನಮ್ಮ ಕಡೆಯಂತೂ ಒಂದು ಪ್ಲಾಸ್ಟಿಕ್ ಜಾರುಬಂಡೆ, ಗೋಡೆಯ ಮೇಲೆ ಒಂದು ಮಿಕ್ಕಿ ಮೌಸ್ ಇದ್ದರೆ ಅದು ಮಾಂಟೆಸ್ಸರಿ. ಒಳಗೆ ಕೂತ ಮಕ್ಕಳು ಎಬಿಸಿಡಿ ಕಿರುಚುತ್ತಿದ್ದರೆ ಇಂಟರ್‌ನ್ಯಾಷನಲ್ ಮಾಂಟೆಸ್ಸರಿ.

ಅಂತೂ ಶಾಲೆ ತೆರೆಯಿತು. ಮಕ್ಕಳಿಗೆ ಟೀಚರ್ ಎಂದರೆ ಮಿಸ್ಸು. ಆದ್ದರಿಂದ ನಾದಿನಿ ಮಿಸ್, ಅತ್ತೆ ಅಜ್ಜಿ ಮಿಸ್, ಮಾವ ಅಜ್ಜ ಮಿಸ್. ಊರಿನ ಅರ್ಧ ಎಂಜಿನಿಯರುಗಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದ ಮನುಷ್ಯ ಆ ಹೆಸರಿಗೆ ಓಗೊಡುತ್ತಿದ್ದರು.

ಅತ್ತೆಗೆ ಒಲಿದದ್ದು ನಿತ್ಯಜೀವನದ ಕೆಲಸಗಳ ವಿಭಾಗ. ಸುರಿಯುವುದು, ತೊಳೆಯುವುದು, ಒರೆಸುವುದು, ಗುಂಡಿ ಹಾಕುವುದು. ನನ್ನ ಅಡುಗೆಮನೆಯ ಸಣ್ಣ ಚೊಂಬು, ಹಿತ್ತಾಳೆ ಬಟ್ಟಲುಗಳೆಲ್ಲ ಒಂದೊಂದಾಗಿ ಸ್ಕೂಲು ಸೇರಿದವು. ಅವರೆಕಾಯಿ ಕಾಲ ಬಂದಾಗ ಅತ್ತೆ ಸ್ವಂತ ಬುದ್ಧಿಯಿಂದ ಒಂದು ಹೊಸ ಕೆಲಸ ಸೇರಿಸಿದರು. ಮಕ್ಕಳು ಸಾಲಾಗಿ ಕೂತು ಕಾಯಿ ಸುಲಿದು, ನೆನೆದ ಕಾಳನ್ನು ಹಿತಕಿ ಬೇಳೆ ತೆಗೆಯುವುದು. ಆ ನಿಶ್ಶಬ್ದ, ಆ ಏಕಾಗ್ರತೆ ನೋಡಿದ್ದರೆ ಇಟಲಿಯಾಕೆ ಅಡ್ಯಾರಿಗೆ ಬದಲು ಮಂಡ್ಯಕ್ಕೇ ಬರುತ್ತಿದ್ದಳು. ಆದರೆ ಒಬ್ಬ ತಂದೆ ಗೇಟಿನಲ್ಲೇ ತಗಾದೆ ತೆಗೆದ. "ನಾವ್ ಫೀಸ್ ಕಟ್ಟೋದು ನಮ್ ಮಗ ಅವರೆಕಾಯ್ ಸುಲಿಯಕ್ಕಾ ಟೀಚರಮ್ಮ? ಪಕ್ಕದ್ಮನೆ ಐಕ್ಳು ಆಗ್ಲೇ ನೂರರ ತಂಕ ಬರೀತಾವೆ." ಅತ್ತೆ ಅವನ ಕೈಯನ್ನೇ ಹಿಡಿದು, ಕಾಳು ಹಿತಕುವ ಮೂರು ಬೆರಳೇ ನಾಳೆ ಪೆನ್ಸಿಲ್ ಹಿಡಿಯುವ ಮೂರು ಬೆರಳು ಎಂದು ತೋರಿಸಿದರು. ಅವನಿಗೆ ಒಪ್ಪಿಗೆಯಾಗಲಿಲ್ಲ. ಅವನ ತಾಯಿಗೆ ಆಯಿತು. ಮಾರನೇ ದಿನ ಮೊಮ್ಮಗನ ಜೊತೆ ಎರಡು ಸೇರು ಅವರೆಕಾಳು ನೆನೆಸಿ ಕಳಿಸಿದ್ದರು. ಸಂಜೆ ಬೇಳೆ ಮಾಡಿ ಕೊಡಬೇಕಂತೆ, ಮನೆಗೆ ನೆಂಟರಂತೆ.

ಮೌನದ ಆಟ ಎಂದು ಒಂದಿದೆ. ಮಾಂಟೆಸ್ಸರಿ ಒಮ್ಮೆ ನಾಲ್ಕು ತಿಂಗಳ ಕೂಸೊಂದನ್ನು ಎತ್ತಿಕೊಂಡು ತರಗತಿಗೆ ಬಂದು, ಇದು ಎಷ್ಟು ಸುಮ್ಮನಿದೆ ನೋಡಿ, ನೀವು ಹೀಗಿರಬಲ್ಲಿರಾ ಎಂದಳಂತೆ. ಮಕ್ಕಳೆಲ್ಲ ಉಸಿರು ಬಿಗಿಹಿಡಿದು ಕೂತವಂತೆ. ಅದೇ ಆಟವಾಯಿತು. ಮಕ್ಕಳು ಅಲುಗದೆ ಕೂರುತ್ತಾರೆ, ಟೀಚರ್ ಬಾಗಿಲ ಹೊರಗಿನಿಂದ ಪಿಸುದನಿಯಲ್ಲಿ ಒಬ್ಬೊಬ್ಬರ ಹೆಸರು ಕರೆಯುತ್ತಾಳೆ, ಕೇಳಿದವರು ಸದ್ದಿಲ್ಲದೆ ಎದ್ದು ಹೋಗುತ್ತಾರೆ. ನಮ್ಮಲ್ಲೂ ಮಕ್ಕಳು ಕೂತರು. ಗಡಿಯಾರದ ಟಿಕ್ ಟಿಕ್ ಕೇಳಿಸಿತು. ಎಲ್ಲೋ ಕಬ್ಬಿನ ಲಾರಿ ಹಾರ್ನು ಕೇಳಿಸಿತು. ಅಷ್ಟರಲ್ಲಿ ಅತ್ತೆ, ತಮ್ಮ ಮೆಚ್ಚುಗೆಯನ್ನು ಇನ್ನು ತಡೆಯಲಾರದೆ, ಒಂದು ಹಳ್ಳಿಗೆ ಸಾಲುವಷ್ಟು ಗಟ್ಟಿಯಾಗಿ "ಎಷ್ಟು ಸುಮ್ನಿದಾವೆ ನೋಡ್ರೀ ಮಕ್ಕಳು!" ಎಂದರು.

ಇನ್ನು ಮಾವನ ವಿಷಯ. ಕಪಾಟಿನಲ್ಲಿ ಒಂದು ಪುಟ್ಟ ಪೆಟ್ಟಿಗೆ ಇದೆ. ಅದರಲ್ಲಿ ಎಂಟು ತುಂಡುಗಳು: ಒಂದು ಕೆಂಪು ಘನ, ಒಂದು ನೀಲಿ ಘನ, ಕಪ್ಪು-ಕೆಂಪಿನವು ಮೂರು, ಕಪ್ಪು-ನೀಲಿಯವು ಮೂರು. ಸರಿಯಾಗಿ ಜೋಡಿಸಿದರೆ ಒಂದು ದೊಡ್ಡ ಘನ. ಮಗುವಿನ ಪಾಲಿಗೆ ಅದು ಜೋಡಿಸುವ ಆಟ, ಅಷ್ಟೇ. ಮಾವ ಒಂದು ಬೆಳಿಗ್ಗೆ, ನಾಲ್ಕು ವರ್ಷದ ಹುಡುಗಿಯೊಬ್ಬಳು ಅದನ್ನು ಜೋಡಿಸುತ್ತಿರುವುದನ್ನು ಕಂಡು ನಿಂತರು. ಬಗ್ಗಿದರು. ಮಂಡಿನೋವು ಮರೆತು ನೆಲದ ಮೇಲೆ ಕೂತೇಬಿಟ್ಟರು. ಸರ್ವೀಸಿನುದ್ದಕ್ಕೂ ಬೋರ್ಡಿನ ಮೇಲೆ ಬರೆದು, ಬೆತ್ತದಿಂದ ಬಾಯಿಪಾಠ ಮಾಡಿಸಿದ್ದ ಎ ಪ್ಲಸ್ ಬಿ ಹೋಲ್ ಕ್ಯೂಬ್ ಸೂತ್ರ ಅಲ್ಲಿ ಕೈಯಲ್ಲಿ ಹಿಡಿಯಬಹುದಾದ ಮರವಾಗಿ ಬಿದ್ದಿತ್ತು. "ಅಯ್ಯೋ, ಕೆಂಪು ಅಂದ್ರೆ ಎ ಕ್ಯೂಬು! ಈ ಮೂರು ತ್ರೀ ಎ ಸ್ಕ್ವೇರ್ ಬಿ! ಪುಟ್ಟಿ, ನಿನಗೆ ಗೊತ್ತಾ ನೀನು ಏನು ಮಾಡ್ತಿದೀಯ ಅಂತ?" ಹುಡುಗಿ ತಲೆ ಎತ್ತದೆ, "ಅಜ್ಜ ಮಿಸ್, ಮಾತಾಡ್ಬೇಡಿ. ನಾನು ಕೆಲ್ಸ ಮಾಡ್ತಿದೀನಿ" ಎಂದಳು.

ಅವತ್ತು ಮಾವ ಮಧ್ಯಾಹ್ನದವರೆಗೆ ಮಾತಾಡಲಿಲ್ಲ. ಎಲ್ಲರೂ ಅವಮಾನವಾಗಿದೆ ಎಂದು ತಿಳಿದೆವು. ಮಕ್ಕಳು ಹೋದ ಮೇಲೆ ನೋಡಿದರೆ ಆ ಪೆಟ್ಟಿಗೆಯನ್ನು ತಾವೇ ಬಿಚ್ಚಿ ಜೋಡಿಸಿ, ಬಿಚ್ಚಿ ಜೋಡಿಸಿ ಕೂತಿದ್ದರು. ಊಟಕ್ಕೆ ಕರೆದರೆ ಅದೇ ಉತ್ತರ: ಮಾತಾಡಿಸಬೇಡಿ, ಕೆಲಸ ಮಾಡ್ತಿದೀನಿ. ಈಗ ಇಪ್ಪತ್ತೇಳು ತುಂಡಿನ ದೊಡ್ಡ ಪೆಟ್ಟಿಗೆ ಬೇಕೆಂದು ಹಟ ಹಿಡಿದಿದ್ದಾರೆ.

ಲೆಕ್ಕ ಬರೆಯುವವಳು ನಾನು. ನಮ್ಮಲ್ಲಿ ಅನೇಕ ಮಕ್ಕಳ ಹೆಸರಿನ ಮುಂದೆ ಫೀಸಿನ ಕಲಂನಲ್ಲಿ "ಕಬ್ಬಿನ ಬಿಲ್ಲಾದ ಮೇಲೆ" ಎಂದಿದೆ. ಕಬ್ಬು ಕಡಿದು ಸಾಗಿಸಿದವರಿಗೆ ಕಾರ್ಖಾನೆಯ ದುಡ್ಡು ಯಾವಾಗ ಬರುತ್ತದೆಂದು ಮಂಡ್ಯದಲ್ಲಿ ಯಾರನ್ನು ಕೇಳಿದರೂ ನಗುತ್ತಾರೆ. ಆಲೆಮನೆ ಇಟ್ಟುಕೊಂಡ ಒಬ್ಬರು ಮುಜುಗರದಿಂದ ಎರಡು ಬುಟ್ಟಿ ಅಚ್ಚುಬೆಲ್ಲ ತಂದಿಟ್ಟು ಹೋದರು. ಐಗಳ ಕಾಲದ ಲೆಕ್ಕದ ಪುಸ್ತಕ ಸಿಕ್ಕಿದ್ದರೆ ಅದನ್ನೇ ಮುಂದುವರಿಸಬಹುದಿತ್ತು.

ಈ ವರ್ಷ ಆಚಾರ್ರ ಮೊಮ್ಮಗ ಸೇರಿದ್ದಾನೆ. ಮೊದಲ ದಿನ ಅವನನ್ನು ಬಿಡಲು ಆಚಾರ್ರೇ ಬಂದರು. ಹುಡುಗ ಗುಲಾಬಿ ಗೋಪುರ ಕಟ್ಟಿದ. ಒಂದು ಕಡೆ ತುಸು ವಾಲಿತು. ಆಚಾರ್ರು ಜೇಬಿನಿಂದ ಸ್ಟೀಲ್ ಪಟ್ಟಿ ತೆಗೆದು ಕೆಳಗಿನಿಂದ ಮೂರನೆಯ ಘನವನ್ನು ಅಳೆದು, ಕಣ್ಣು ಕೆಂಪಗೆ ಮಾಡಿಕೊಂಡು ನಮ್ಮ ಕಡೆ ತಿರುಗಿದರು.

"ಏನವ್ವ ಇದು, ಒಂದು ನೂಲು ಕಮ್ಮಿ ಐತಲ್ಲ? ಮಕ್ಕಳ ಸಾಮಾನು ಅಂತ ಹಿಂಗಾ ಮಾಡಾದು? ಯಾವನ್ ಮಾಡಿದ್ದು ಇದ?"

ನಾದಿನಿ ಕಪಾಟಿನ ಧೂಳು ಒರೆಸತೊಡಗಿದಳು. ಅತ್ತೆ ಸೆರಗು ಬಾಯಿಗೆ ಹಿಡಿದುಕೊಂಡರು. ಚಿಕ್ಕಮಾವ ಕೂಡ ಸುಮ್ಮನಿದ್ದರು. ಮಾವ ಒಂದು ಚಾಪೆ ತಂದು ಹಾಸಿದರು, ಆಚಾರ್ರನ್ನು ಕೈಹಿಡಿದು ಕೂರಿಸಿದರು, ಎದುರಿಗೆ ತಾವೂ ಕೂತರು.

"ಹೇಳ್ತೀನಿ ಕೂತ್ಕೊಳ್ಳಿ ಆಚಾರ್ರೇ. ಮೊದಲು ಇಟಲಿ ಅಂತ ಒಂದು ದೇಶ ಇದೆ..."